ಗ್ಯಾಸ್ ಎಂದುಕೊಂಡ ನೋವು

ಪುತ್ತೂರು–ಮಡಿಕೇರಿ ಬಸ್ಸಿನ ಡ್ರೈವರ್ ತ್ಯಾಂಪಣ್ಣ ಡಾಕ್ಟರ ಬಳಿಗೆ ಹೋದದ್ದು ಲೈಸೆನ್ಸಿಗೆ ಬೇಕಾದ ಸರ್ಟಿಫಿಕೇಟಿಗಾಗಿ. ಅದು ೧೯೮೪ರ ಮಾತು. ವಯಸ್ಸು ಐವತ್ತು ದಾಟಿದೆಯೆಂದು ಡಾಕ್ಟರು ಇಸಿಜಿ ತೆಗೆದರು. ಉದ್ದನೆಯ ಕಾಗದವನ್ನು ಎರಡು ಸಲ ನೋಡಿ ಕೇಳಿದರು:

"ನಿಮಗೆ ಹಾರ್ಟ್ ಅಟ್ಯಾಕ್ ಆದದ್ದು ಯಾವಾಗ?"

"ನನಗಾ? ಆಗ್ಲೇ ಇಲ್ಲ ಡಾಕ್ಟ್ರೆ."

"ಆಗಿದೆ. ಹೃದಯದ ಮಾಂಸ ಒಂದು ಕಡೆ ಸತ್ತು, ಗಾಯದ ಕಲೆಯ ಹಾಗೆ ಗಟ್ಟಿಯಾಗಿ ಉಂಟು. ಎದೆನೋವು ಬಂದಿತ್ತಾ, ನೆನಪು ಮಾಡಿ."

ತ್ಯಾಂಪಣ್ಣನಿಗೆ ನೆನಪಾಯಿತು. ಹೋದ ವರ್ಷ ಬಸ್ಸು ಓಡಿಸುತ್ತಿದ್ದಾಗ, ಘಾಟಿಯ ಬುಡದ ಕಲ್ಲುಗುಂಡಿಯಲ್ಲಿ ಎದೆ ಹಿಂಡಿದಂತಾಗಿ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು, ಅರವತ್ತು ಜನರನ್ನು ಕೂರಿಸಿಕೊಂಡು ಘಾಟಿ ಹತ್ತಿಸಿದ್ದ. ಮುಂದಿನ ಸೀಟಿನಲ್ಲಿ ಹೆರಿಗೆಗೆ ತವರಿಗೆ ಹೊರಟ ಹೆಂಗಸೊಬ್ಬಳಿದ್ದಳು.

"ಇನ್ನೊಮ್ಮೆ ಬರುದುಂಟಾ?"

"ಬರಬಹುದು. ಹೇಳಿ ಬರುದಿಲ್ಲ."

ಅಲ್ಲಿಂದ ಪುತ್ತೂರು ಸ್ಟ್ಯಾಂಡಿಗೆ ಬಂದಾಗ ಬಸ್ಸು ಆಗಲೇ ತುಂಬಿತ್ತು. ಅಭ್ಯಾಸದಿಂದ ಹತ್ತಿ ಕೂತ ತ್ಯಾಂಪಣ್ಣ ಕನ್ನಡಿಯಲ್ಲಿ ಹಿಂದಿನ ಮುಖಗಳನ್ನು ನೋಡಿದ. ಸ್ಟೇರಿಂಗಿನಿಂದ ಕೈ ತೆಗೆದ.

"ಎಂತ ತ್ಯಾಂಪಣ್ಣ, ಹೊರಡುವಾ?" ಎಂದ ಕಂಡಕ್ಟರ್ ಉದಯಶಂಕರ.

"ನನ್ನಿಂದ ಆಗುದಿಲ್ಲ ಮಾರಾಯ. ಬೇರೆ ಡ್ರೈವರನ್ನು ಕರೆ."

ಬೇರೆಯವನು ಬಂದ. ತ್ಯಾಂಪಣ್ಣ ಅದೇ ಬಸ್ಸಿನಲ್ಲಿ ಪ್ರಯಾಣಿಕರ ನಡುವೆ ಕೂತು ಸುಳ್ಯದ ಮನೆಗೆ ಹೊರಟ. ಮತ್ತೆಂದೂ ಅವನು ಬಸ್ಸು ಓಡಿಸಲಿಲ್ಲ. ಆದರೆ ಆ ದಿನ ದಾರಿಯುದ್ದಕ್ಕೂ ಎದುರಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಹೊಸ ಡ್ರೈವರನ ಬೆನ್ನನ್ನೇ ನೋಡುತ್ತಿದ್ದ. ಈ ಹೊಸಬನ ಎದೆಯೊಳಗೂ ಏನಿದೆಯೆಂದು ಯಾರು ನೋಡಿದ್ದಾರೆ?