ಮುಚ್ಚಳದ ಮೇಲಿನ ಬೊಟ್ಟು

ಆವಲಪ್ಪನನ್ನು ಕಣದ ನಡುವಿನ ಮೇಟಿಕಂಬಕ್ಕೆ ಕಟ್ಟಿ ಬೆಳಗಿನಿಂದ ಬಿಸಿಲಲ್ಲಿ ನಿಲ್ಲಿಸಿದ್ದರು. ಸಾಹುಕಾರ ಕೋದಂಡರಾಮಪ್ಪನ ಟ್ರಾಕ್ಟರನ್ನು ಕೆಡಿಸಿದ ಎಂಬುದು ಅವನ ಮೇಲಿನ ಆಪಾದನೆ. ಅವನು ಅದನ್ನು ಮುಟ್ಟಿರಲಿಲ್ಲ.

ಟ್ರಾಕ್ಟರು ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ರಾಯಲ್ಪಾಡಿನ ಸುತ್ತಿನ ಹಳ್ಳಿಗಳಲ್ಲಿ ಅಂಥದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಎತ್ತಿನ ಗಾಡಿಗಿಂತ ತುಸು ದೊಡ್ಡದು, ಹಿಂದೆ ಹಲ್ಲುಹಲ್ಲಾದ ಕಬ್ಬಿಣದ ಗಾಲಿ. ಪೆಟ್ರೋಲಿನಲ್ಲಿ ಹೊರಡಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಅದು ಹೊಲ ಉಳುತ್ತಿತ್ತು. ಬೆಲ್ಟು ಹಾಕಿದರೆ ಬಾವಿಯ ನೀರನ್ನೂ ಎತ್ತುತ್ತಿತ್ತು. ಬಂದ ವಾರವೇ, ತೋಟದ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದ ಕೇರಿಯವರಿಗೆ ಇನ್ನು ಬರಬೇಡಿ ಎಂದು ಹೇಳಿ ಕಳಿಸಿದರು. ತಾತನ ಕಾಲದಿಂದ ಅವರು ಎತ್ತುಗಳನ್ನು ಹಿಂದೆ ಮುಂದೆ ನಡೆಸಿ ತೊಗಲ ಚೀಲದಲ್ಲಿ ನೀರೆತ್ತಿದವರು. ಆ ಕೂಲಿಯ ಬದಲಿಗೆ ಬಾವಿಯ ಪಕ್ಕದ ತುಂಡು ನೆಲದಲ್ಲಿ ರಾಗಿ ಬೆಳೆದುಕೊಳ್ಳುತ್ತಿದ್ದರು. ಆ ನೆಲವನ್ನೂ ಬಿಡಿ ಎಂದರು. ಬಿಡುವುದಿಲ್ಲ ಎಂದವನು ಆವಲಪ್ಪ ಒಬ್ಬನೇ.

ಟ್ರಾಕ್ಟರು ಓಡಿಸುತ್ತಿದ್ದವನೂ ಅದೇ ಕೇರಿಯವನು, ಗಂಗುಲಪ್ಪ. ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಪಟಾಲಮ್ಮಿನ ಲಾರಿ ರಿಪೇರಿ ಮಾಡಿ ಬಂದವನು. ಅಲ್ಲಿ ಎಲ್ಲ ಜಾತಿಯವರ ಜೊತೆ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ. ಇಲ್ಲಿ ಸಾಹುಕಾರರ ಹಿತ್ತಲಲ್ಲಿ ಅವನ ಎಲೆಗೆ ಮುದ್ದೆ ಮೇಲಿನಿಂದ ಬೀಳುತ್ತಿತ್ತು. ಕೇರಿಗೆ ಹೋದರೆ ಕಟ್ಟೆಯ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಯಾರೂ ಬೈಯಲಿಲ್ಲ. ಅವನು ಟ್ರಾಕ್ಟರಿನ ಕೊಟ್ಟಿಗೆಯಲ್ಲೇ ಮಲಗತೊಡಗಿದ.

ಕಪಿಲೆಯಿದ್ದಾಗ ಆ ಬಾವಿಯ ಬಳಿ ಹಾಡಿತ್ತು, ಎತ್ತುಗಳಿಗೆ ಬೈಗುಳವಿತ್ತು, ಮಧ್ಯಾಹ್ನದ ಅಂಬಲಿಯ ಹೊತ್ತಿಗೆ ಹೆಂಗಸರ ಜಗಳವಿತ್ತು. ಈಗ ಇಂಜಿನ್ನಿನ ಸದ್ದೊಂದೇ. ಆ ಸದ್ದಿನಲ್ಲಿ ಗಂಗುಲಪ್ಪ ಗಟ್ಟಿಯಾಗಿ ಏನಾದರೂ ಮಾತಾಡಿಕೊಳ್ಳುತ್ತಿದ್ದ. ಆಡಿದ್ದು ಅವನಿಗೇ ಕೇಳಿಸುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಉಳುಮೆಯ ಕಾಲಕ್ಕೆ. ಒಂದೆರಡು ಸಾಲು ಉಳುವಷ್ಟರಲ್ಲಿ ಇಂಜಿನ್ ಕೆಮ್ಮಿ, ಮುಗ್ಗರಿಸಿ, ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಹ್ಯಾಂಡಲು ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತಿತ್ತು. ಮತ್ತೆ ಒಂದೆರಡು ಸಾಲು, ಮತ್ತೆ ಕೆಮ್ಮು. ಗಂಗುಲಪ್ಪ ಪ್ಲಗ್ಗು ಬಿಚ್ಚಿ ಮಸಿ ಕೆರೆದ, ಕಿಡಿ ಚೆನ್ನಾಗಿತ್ತು. ಕಾರ್ಬರೇಟರು ಬಿಚ್ಚಿ ತೊಳೆದ. ಎಣ್ಣೆಯ ಕೊಳವೆಗೆ ಬಾಯಿಟ್ಟು ಊದಿದ. ಸೀಮೆಎಣ್ಣೆಯನ್ನು ಹಳೇ ಪಂಚೆಯಲ್ಲಿ ಸೋಸಿದ. ಯಾವುದರಿಂದಲೂ ಗುಣವಾಗಲಿಲ್ಲ. ಕೊನೆಗೊಂದು ದಿನ ಹೊಲದ ನಡುವೆ ರೇಗಿ, "ಎಲ್ಲಾ ಸರಿಯಾಗೈತೆ ಸಾಮಿ, ಯಾರೋ ಕೈ ಹಾಕಿರಬೇಕು" ಎಂದುಬಿಟ್ಟ.

ಕೋದಂಡರಾಮಪ್ಪನಿಗೆ ಅಷ್ಟು ಸಾಕಾಯಿತು.

ಆವಲಪ್ಪನನ್ನು ಕಟ್ಟಿದ ದಿನ ಬಿಸಿಲೇರುವ ಹೊತ್ತಿಗೆ ಅವನ ಹೆಂಡತಿ ಬಚ್ಚಮ್ಮ ಕೊಟ್ಟಿಗೆಗೆ ಬಂದಳು. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು.

"ಏನಣ್ಣಾ, ನೀನೇ ಹೇಳ್ದೆಯಂತೆ?"

"ನಾನು ಯಾರ ಹೆಸರೂ ಹೇಳ್ಲಿಲ್ಲ ಬಚ್ಚಮ್ಮಾ."

"ಹೆಸರು ಅವರತ್ರ ಮೊದಲೇ ಇತ್ತು ಕಣಪ್ಪಾ. ನೀನು ಬಾಯಿ ತೆಗೆಯೋದೊಂದೇ ಬಾಕಿ ಇತ್ತು."

ಗಂಗುಲಪ್ಪ ಕೈಯ ಮಸಿ ಒರೆಸಿಕೊಂಡ. "ಅವನಿಗೆ ನೀರು ಕೊಟ್ಟೆಯಾ?"

"ಎಲ್ಲಿ ಬಿಟ್ರು? ಆ ಮೇಸ್ತ್ರಿ ಪೆದ್ದಪ್ಪ ದೊಣ್ಣೆ ಹಿಡ್ಕೊಂಡು ಕಾಯ್ತಾವ್ನೆ. 'ಇರೋ ನೀರೆಲ್ಲಾ ಟ್ರಾಕ್ಟರಿಗೆ ಬೇಕು, ಇವನಿಗ್ಯಾಕೆ' ಅಂತ ನಗ್ತಾನೆ. ಸಂಜೆಗೆ ಪೊಲೀಸ್ ಠಾಣೆಯಿಂದ ದಫೇದಾರು ಬರ್ತಾನಂತೆ. ಕರ್ಕೊಂಡು ಹೋದ್ರೆ ಗಂಡನೂ ಹೋದ, ನೆಲಾನೂ ಹೋಯ್ತು." ಅವಳ ದನಿ ಒಡೆಯಲಿಲ್ಲ, ಇನ್ನೂ ಬಿಗಿಯಾಯಿತು. "ಅದಕ್ಕೇನು ರೋಗ ಅಂತ ನೋಡು. ಅದೊಂದು ಮಾಡಪ್ಪಾ. ಆಮೇಲೆ ನಮ್ಮ ಕಡೆ ತಲೆ ಹಾಕಬೇಡ."

ಅವಳು ಹೋದಳು. ಕೇರಿಯಿಂದ ಅವನತ್ತ ಇಷ್ಟು ಮಾತು ಬಂದು ಎಷ್ಟು ತಿಂಗಳಾಗಿತ್ತೋ. ಬಾಗಿಲು ಖಾಲಿಯಾದ ಮೇಲೂ ಗಂಗುಲಪ್ಪ ಅದನ್ನೇ ನೋಡುತ್ತ ಕೂತಿದ್ದ.

ಆಮೇಲೆ ಎದ್ದು ಇಂಜಿನ್ ಹೊರಡಿಸಿದ. ಕಾಯುತ್ತ ನಿಂತ. ಅದು ಎಂದಿನಂತೆ ಕೆಮ್ಮಿ ನಿಂತಿತು. ಎಣ್ಣೆ ಎಷ್ಟಿದೆ ಎಂದು ಕಡ್ಡಿ ಇಳಿಸಿ ನೋಡಲು ಟ್ಯಾಂಕಿನ ಮುಚ್ಚಳವನ್ನು ಅಂಚಿನಲ್ಲಿ ಹಿಡಿದು ತಿರುಗಿಸಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು.

ಅವನ ಕೈ ಅಲ್ಲೇ ನಿಂತಿತು.

ಮುಚ್ಚಳ ತೆಗೆದಿಟ್ಟು ಮತ್ತೆ ಹೊರಡಿಸಿದ. ಇಂಜಿನ್ ಓಡಿತು, ಓಡುತ್ತಲೇ ಇತ್ತು. ಮುಚ್ಚಳ ಬಿಗಿದ. ಸ್ವಲ್ಪ ಹೊತ್ತಿಗೆ ಕೆಮ್ಮಿತು. ಅಂಗಡಿಯವನು ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಇಳಿಯುವುದಿಲ್ಲ, ಗಾಳಿಗೆಂದು ಇನ್ನೊಂದು ತೂತು ಹೊಡೆಯುತ್ತಾನಲ್ಲ, ಹಾಗೆಯೇ ಟ್ರಾಕ್ಟರಿನ ಮುಚ್ಚಳದಲ್ಲೂ ಸೂಜಿಮೊನೆಯಷ್ಟು ತೂತಿರುತ್ತದೆ. ಈ ಮುಚ್ಚಳದ ತೂತು ಅರಿಶಿನ ಕುಂಕುಮದ ಕೆಳಗೆ ಮುಚ್ಚಿಹೋಗಿತ್ತು.

ಕೋದಂಡರಾಮಪ್ಪನ ತಾಯಿ ಆದಿಲಕ್ಷ್ಮಮ್ಮ ಶುಕ್ರವಾರ ಶುಕ್ರವಾರ ಬಂದು ಟ್ರಾಕ್ಟರಿಗೆ ಪೂಜೆ ಮಾಡುತ್ತಿದ್ದರು. ಅವರ ಲೆಕ್ಕದಲ್ಲಿ ಮುಚ್ಚಳವೇ ಅದರ ಹಣೆ. ನೀರಲ್ಲಿ ಕಲಸಿದ ಅರಿಶಿನ ಬಳಿದು, ಮೇಲೆ ಕುಂಕುಮ. ಪೂಜೆಯ ಹೊತ್ತಿಗೆ ಗಂಗುಲಪ್ಪ ಬೇಲಿಯಾಚೆ ನಿಲ್ಲಬೇಕು. ದಿನಾ ಟ್ರಾಕ್ಟರು ಒರೆಸುವಾಗ ಅವನು ಆ ಬೊಟ್ಟನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದ. ಅದರ ಹೊಟ್ಟೆಯೊಳಗೆ ಮೊಣಕೈವರೆಗೆ ಕೈಯಿಡಲು ಅವನಿಗೆ ಅಪ್ಪಣೆಯಿತ್ತು. ಹಣೆಯ ಕುಂಕುಮ ಮುಟ್ಟಲು ಇರಲಿಲ್ಲ. ವಾರದ ಮೇಲೆ ವಾರ ಬೊಟ್ಟಿನ ಮೇಲೆ ಬೊಟ್ಟು ಕೂತು ಗಟ್ಟಿಯಾಗಿತ್ತು. ಎಲ್ಲವನ್ನೂ ಬಿಚ್ಚಿ ನೋಡಿದ್ದ ಅವನು ಅದನ್ನೊಂದು ನೋಡಿರಲಿಲ್ಲ. ಅದು ತಾನು ನೋಡುವಂಥದಲ್ಲ ಎಂದು ಹುಟ್ಟಿದಾಗಿನಿಂದ ಕಲಿತಿದ್ದ.

ಗಂಗುಲಪ್ಪ ಬೊಟ್ಟನ್ನು ಉಗುರಿನಿಂದ ಕೆರೆದು ತೆಗೆದ. ಬೇಲಿಯಿಂದ ಜಾಲಿ ಮುಳ್ಳು ಮುರಿದು ತಂದು ತೂತು ಬಿಡಿಸಿದ. ಮುಚ್ಚಳ ಬಿಗಿದು ಹೊರಡಿಸಿ ನೋಡಿದ. ಇಂಜಿನ್ ನಿಲ್ಲಲಿಲ್ಲ.

ಕಣಕ್ಕೆ ಹೋದಾಗ ಆವಲಪ್ಪನ ತಲೆ ಎದೆಯ ಮೇಲೆ ಜೋತಿತ್ತು. ಕೋದಂಡರಾಮಪ್ಪ ಮಾವಿನ ನೆರಳಲ್ಲಿ ಮಂಚದ ಮೇಲೆ ಕೂತಿದ್ದ. ಗಂಗುಲಪ್ಪ ನಡೆದದ್ದನ್ನು ಹೇಳಿದ.

ಪೆದ್ದಪ್ಪ ನಕ್ಕ. "ಏಮಿರಾ, ಬೊಟ್ಟಿಗೆ ಟ್ರಾಕ್ಟರು ನಿಲ್ತಾ? ನನ್ನ ಹೆಂಡ್ತಿ ದಿನಾ ಅಷ್ಟಗಲ ಬೊಟ್ಟಿಡ್ತಾಳೆ, ಅವಳ ಬಾಯಿ ಒಂದು ಗಳಿಗೆ ನಿಂತಿಲ್ಲ!"

"ಮುಚ್ಚೋ ಬಾಯಿ" ಎಂದು ಕೋದಂಡರಾಮಪ್ಪ ಎದ್ದ. ಗಂಗುಲಪ್ಪನನ್ನು ಬಾವಿಯ ಕಡೆ ಕರೆದುಕೊಂಡು ಹೋದ. ಅಲ್ಲಿ ಅವನ ದನಿ ಮೆತ್ತಗಾಯಿತು.

"ನಮ್ಮವ್ವ ಇಟ್ಟ ಬೊಟ್ಟು ಮುಟ್ಟಿದೆಯಾ?"

"ಮುಟ್ಟಿದೆ ಸಾಮಿ. ಕೆರೆದು ತೆಗೆದೆ."

"ಆಯ್ತು. ಯಾರಿಗೂ ಹೇಳಬೇಡ, ನಾನೂ ಹೇಳಲ್ಲ. ನೋಡು ಗಂಗುಲಾ, ನೀನು ಕೊಟ್ಟಿಗೇಲಿ ನಾಯಿ ಥರ ಬಿದ್ದಿರೋದು ನಂಗೇನು ಕಾಣಲ್ವಾ? ಮಾವಿನ ತೋಪಿನ ಮನೆ ಖಾಲಿ ಐತೆ, ಅಲ್ಲಿರು. ಊಟಕ್ಕೆ ಹಿತ್ತಲಿಗೆ ಬರೋದು ಬೇಡ, ಜಗಲಿ ಮೇಲೆ ಆಳುಗಳ ಜೊತೆ ಕೂತ್ಕೋ. ಯಾರೇನಂತಾರೋ ನಾನು ನೋಡ್ಕೋತೀನಿ."

ಜೊತೆ ಎಂಬ ಮಾತನ್ನು ಗಂಗುಲಪ್ಪ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ.

ಕೋದಂಡರಾಮಪ್ಪ ಬಗ್ಗಿ ಕಾಲುವೆಯಿಂದ ಒಂದು ಹಿಡಿ ಮರಳು ತೆಗೆದ. "ಇದನ್ನ ಟ್ಯಾಂಕಿಗೆ ಹಾಕು. ದಫೇದಾರು ಬಂದಾಗ ಎಣ್ಣೆ ಬಗ್ಗಿಸಿ ತೋರ್ಸು. ಅವನು ಆವಲನ್ನ ಕರ್ಕೊಂಡು ಹೋದ ಮೇಲೆ ತೊಳ್ಕೊಂಡ್ರಾಯ್ತು. ಹಿಡಿ."

ಗಂಗುಲಪ್ಪ ಕೈ ಚಾಚಲಿಲ್ಲ.

"ಹಿಡಿಯೋ ಅಂದ್ರೆ. ನೀನು ಹಾಕದೇ ಇದ್ರೆ ಪೆದ್ದಪ್ಪ ಹಾಕ್ತಾನೆ."

"ಹಾಕ್ಲಿ. ಪೆದ್ದಪ್ಪ ಹಾಕಿದ ಅಂತ ಹೇಳ್ತೀನಿ. ಬೊಟ್ಟಿನ ವಿಚಾರಾನೂ ಹೇಳ್ತೀನಿ."

"ಹೇಳಿ ಎಲ್ಲಿಗೋಗ್ತೀಯಲಾ? ಇಲ್ಲಿ ನಿಂಗೆ ಜಾಗ ಇರಲ್ಲ. ಕೇರಿಯೋರು ಹತ್ರ ಸೇರಿಸ್ತಾರಾ?"

ಗಂಗುಲಪ್ಪ ಕೇರಿಯ ಕಡೆ ನೋಡಿದ. ಅಲ್ಲಿ ಯಾವ ಮನೆಯ ಬಾಗಿಲೂ ಅವನಿಗೆ ತೆರೆದಿರಲಿಲ್ಲ.

"ಸೇರ್ಸಲ್ಲ ಸಾಮಿ."

"ಮತ್ತೆ? ಹಿಡಿ."

"ಹಿಡಿಯಲ್ಲ" ಎಂದ ಗಂಗುಲಪ್ಪ.