ಮನೆ ಬೇಡದ ಬಾಡಿಗೆದಾರ

ಪರ ಊರಿಗೆ ಕಾಲಿಟ್ಟ ಕೂಡಲೇ ಅಂಬಾರಾಯರು ಮಾಡುವ ಮೊದಲ ಕೆಲಸವೆಂದರೆ ಬಾಡಿಗೆಗೆ ಮನೆ ಹುಡುಕುವುದು. ಅವರಿಗೆ ಮನೆ ಬೇಕಾಗಿರುವುದಿಲ್ಲ. ಜೇವರ್ಗಿಯಲ್ಲಿ ಅವರದೇ ಸ್ವಂತ ಮನೆಯಿದೆ. ಸಂಜೆಯ ಬಸ್ಸಿಗೆ ಅಲ್ಲಿಗೇ ಮರಳುವವರು. ಆದರೂ ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗಲಿ, ನಡುವೆ ಒಂದಿಷ್ಟು ಬಿಡುವು ಮಾಡಿಕೊಂಡು, ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುವ ಯಾವುದಾದರೊಂದು ಗೇಟಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಅತ್ಯಂತ ವಿನಯದಿಂದ ಕದ ತಟ್ಟುತ್ತಾರೆ. ಅಡುಗೆಮನೆ ನೋಡುತ್ತಾರೆ. ನಲ್ಲಿ ತಿರುವುತ್ತಾರೆ. ಬಚ್ಚಲಿನ ಇಳಿಜಾರನ್ನು ಮೆಚ್ಚಿಕೊಳ್ಳುತ್ತಾರೆ. ಆಮೇಲೆ ಮಾಲೀಕರ ಬಾಯಿಂದ ಒಂದು ಪ್ರಶ್ನೆ ಬರುವವರೆಗೆ ಕಾಯುತ್ತಾರೆ. ಅದು ಬಂತೆಂದರೆ ಅವರ ಕೆಲಸ ಮುಗಿಯಿತು, ಕೈಮುಗಿದು ಹೊರಬೀಳುತ್ತಾರೆ.

ಆ ಪ್ರಶ್ನೆ ನಮ್ಮ ನಾಡಿನಲ್ಲಿ ಹುಟ್ಟಿದ ಯಾರಿಗೂ ಹೊಸದಲ್ಲ. ನೀವು ಯಾವ ಜಾತಿಯವರು ಎಂದು ಬರಿಮೈಯಲ್ಲಿ ಅದು ಬರುವುದಿಲ್ಲ. ಸಭ್ಯ ಮನೆಗಳಲ್ಲಿ ಅದಕ್ಕೂ ಸಭ್ಯ ಉಡುಪುಗಳಿವೆ. ‘ನಿಮ್ಮ ಅಡ್ಡಹೆಸರೇನ್ರಿ?’ ಎಂದು ಬರುತ್ತದೆ. ‘ನಾನ್‌ವೆಜ್ ಏನಾರ...?’ ಎಂದು ಅರ್ಧಕ್ಕೆ ನಿಲ್ಲುತ್ತದೆ. ‘ಯಾವ ಮಠಕ್ಕ ನಡ್ಕೋತೀರಿ?’ ಎಂದು ಭಕ್ತಿಯ ವೇಷದಲ್ಲಿಯೂ ಬರುತ್ತದೆ. ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ ಹುಟ್ಟಿ, ತಂದೆಯ ಕಾಲಕ್ಕೇ ಬುದ್ಧನನ್ನು ಒಪ್ಪಿಕೊಂಡ ಮನೆತನದ ಅಂಬಾರಾಯರು ಮಠದ ಪ್ರಶ್ನೆಗೆ, “ಜಿಡಗಾ ನಮ್ಮ ಹಾದಿಯಾಗೇ ಬರ್ತದ್ರಿ” ಎಂದು ಉತ್ತರಿಸುತ್ತಾರೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅವರ ಊರಿನ ಬಸ್ಸು ಮಠವಿರುವ ಆ ಜಿಡಗಾದ ಮೇಲೇ ಹೋಗುತ್ತದೆ.

ಉತ್ತರ ಅವರಿಗೆ ಮುಖ್ಯವಲ್ಲ. ಪ್ರಶ್ನೆ ಯಾವಾಗ ಬಂತು ಎಂಬುದು ಮುಖ್ಯ. ಹೆಸರು ಕೇಳುವ ಮೊದಲೇ ಬಂದರೆ ಆ ಊರು ಪಾತಾಳಕ್ಕೆ. ಚಹಾ ಕುಡಿದ ಮೇಲೆ ಬಂದರೆ ನಡುಮಧ್ಯಮ. ಮಾತುಕತೆಯೆಲ್ಲ ಮುಗಿದು, ಚಪ್ಪಲಿ ಮೆಟ್ಟುವಾಗ, ಮಾಲೀಕರು ತಾವೇ ನಾಚಿಕೊಂಡು ಕೇಳಿದರೆ, “ಅದು ಮರ್ಯಾದಸ್ತರ ಊರ್ರಿ” ಎಂದು ಹೊಗಳುತ್ತಾರೆ. ಪ್ರಶ್ನೆಯೇ ಬರದ ಊರು ಯಾವುದೆಂದು ನಾನೊಮ್ಮೆ ವಿಚಾರಿಸಿದೆ.

“ಹುಡುಕಾಕತ್ತೇನಿ ಸಾವ್ಕಾರ್ರ” ಎಂದರು.

ಸರ್ಕಾರದ ಸಾಂಖ್ಯಿಕ ಇಲಾಖೆಯಲ್ಲಿ ಹುದ್ದೆಯಿಂದ ಹುದ್ದೆಗೆ, ಜಿಲ್ಲೆಯಿಂದ ಜಿಲ್ಲೆಗೆ ವರ್ಗವಾಗುತ್ತ ನಿವೃತ್ತರಾದವರು ಅವರು. ಮೊದಲ ನೌಕರಿ ಅಫಜಲಪುರದಲ್ಲಿ. ಹವಳಗಾದ ಸುತ್ತಿನ ಹೊಲಗಳಲ್ಲಿ ಹಗ್ಗ ಹಿಡಿದು ಒಂದು ಸಣ್ಣ ಚೌಕ ಗುರುತಿಸಿ, ಅಷ್ಟರ ಬೆಳೆಯನ್ನು ಮಾತ್ರ ಕೊಯ್ದು ತೂಗಿ, ಅದರ ಮೇಲಿಂದ ಇಡೀ ತಾಲ್ಲೂಕಿನ ಇಳುವರಿಯನ್ನು ಅಂದಾಜು ಮಾಡುವ ವಿದ್ಯೆ ಅಲ್ಲಿ ಕೈಹಿಡಿಯಿತು. ಆ ವಿದ್ಯೆ ಅವರ ನಡಿಗೆಗೂ ಇಳಿದಿದೆ. ಪೇಟೆಯಲ್ಲಿ ಬರುವಾಗಲೂ ಸಮನಾದ ಹೆಜ್ಜೆ, ನೆಲದ ಮೇಲೆ ಕಣ್ಣು, ತುಟಿಯಲ್ಲಿ ಸಣ್ಣ ಎಣಿಕೆ. ಎದುರಿಗೆ ಎಮ್ಮೆ ಬಂದರೆ ಹೆಜ್ಜೆಯ ಲೆಕ್ಕ ತಪ್ಪೀತೆಂದು ಎಮ್ಮೆಯೇ ಸರಿಯುವ ತನಕ ನಿಲ್ಲುತ್ತಾರೆ. ಯಾವ ಮಾತನ್ನಾಡಿದರೂ ಕಡೆಗೆ “ಇದು ಸ್ಯಾಂಪಲ್ ಅಷ್ಟ ರೀ” ಎಂದು ಸೇರಿಸುವುದು ರೂಢಿ. ಮೊಮ್ಮಗನ ಅಳುವನ್ನೂ ಹಾಗೆ ವರ್ಣಿಸಿದ್ದನ್ನು ಕೇಳಿದ್ದೇನೆ.

ನನ್ನದು ಜೇವರ್ಗಿಯ ಪೇಟೆಯಲ್ಲಿ ತೊಗರಿಯ ಅಡತಿ ಅಂಗಡಿ, ರೈತರ ಮಾಲಿಗೆ ದಲಾಲಿ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಹೊರಬಿದ್ದ ಒಂದು ಹಿಡಿ ಕಾಳಿನ ಮೇಲೆ ಇಡೀ ರಾಶಿಯ ಭವಿಷ್ಯ ನುಡಿಯುವುದೇ ನನ್ನ ಹೊಟ್ಟೆಪಾಡಾದ್ದರಿಂದ ನಮ್ಮಿಬ್ಬರಿಗೂ ಬೇಗ ಹೊಂದಿಕೆಯಾಯಿತು. ಬೆಳಗಿನ ಪತ್ರಿಕೆಯನ್ನು ಅವರು ನನ್ನ ಗಾದಿಯ ತುದಿಯಲ್ಲಿ ಕೂತೇ ಓದುತ್ತಾರೆ. ಪತ್ರಿಕೆ ನನ್ನದು, ಅಭಿಪ್ರಾಯ ಅವರದು. ಅವರ ಬಳಿ ಕಂದುಬಣ್ಣದ ಒಂದು ಹಳೆಯ ಕೋಟಿದೆ. ಜೇವರ್ಗಿಯ ಬಿಸಿಲಿನಲ್ಲಿ ಅದನ್ನು ಕಂಡರೇ ಬೆವರು ಕಿತ್ತುಬರುತ್ತದೆ. ಅದನ್ನು ತೊಟ್ಟು ಬಂದರೆಂದರೆ ಇಂದು ಯಾವುದೋ ಊರಿನಲ್ಲಿ ಯಾರದೋ ಗೇಟು ತಟ್ಟಲಿದ್ದಾರೆಂದೇ ಅರ್ಥ. ಯಾಕೆ ಸಾಹೇಬ್ರೆ ಈ ಶಿಕ್ಷೆ ಎಂದರೆ, “ಕೋಟು ಇದ್ರ ಪ್ರಶ್ನಿ ಜರಾ ತಡದು ಬರ್ತದ್ರಿ. ಎಲ್ಲಾ ಊರಿಗೂ ಅದೇ ಕೋಟು. ಇಲ್ಲಂದ್ರ ತೂಕ ಬರಾಬರಿ ಆಗಂಗಿಲ್ಲ” ಎಂದರು. ತಕ್ಕಡಿಯ ಮುಂದೆ ಬಾಳು ಸವೆಸಿದ ನಾನು ಇದಕ್ಕೆ ತಲೆದೂಗಿದೆ.

ಈಚೆಗೆ ಪತ್ರಿಕೆಯೊಂದು ರಾಜ್ಯದಲ್ಲಿ ಬಾಳಲು ಯೋಗ್ಯವಲ್ಲದ ನಗರಗಳು ಯಾವುವು ಎಂದು ಒಂದು ಪುಟ ತುಂಬ ಬರೆದಿತ್ತು: ಧೂಳು, ಗಟಾರ, ಬಿಸಿಲು, ಸಂಚಾರದ ಗೋಳು. ತೊಗರಿ ತಂದಿದ್ದ ಬೀರಣ್ಣ ಅದನ್ನು ಕೇಳಿಸಿಕೊಂಡು ಹೌಹಾರಿದ. ಮಗಳು ಶಿವಕಾಂತಾಳನ್ನು ರಾಯಚೂರಿಗೆ ಕೊಡುವ ಮಾತು ನಡೆದಿತ್ತು.

“ರಾಯಚೂರು ಆ ಯಾದಿಯಾಗ ಅದ ಏನ್ರಿ ಸಾಹೇಬ್ರ?”

“ಅದ. ಬಿಸಲಂತ.”

“ಹಂಗಾರ ಬ್ಯಾಡ ಅಂತೀರೇನ್ರಿ?”

“ಏ ಬೀರಣ್ಣ, ನೀ ಏನ್ ಕಾಶ್ಮೀರದಿಂದ ಬಂದೀ ಏನಲೇ? ಬಿಸಲು ಎಲ್ಲಾರ್ಗೂ ಒಂದೇ ನಮೂನಿ ಸುಡ್ತದ. ಯಾರ ಮನ್ಯಾವ, ಎಂಥವ ಅಂತ ಕೇಳಂಗಿಲ್ಲ. ಧೂಳು ಒರಸಿಕೊಂಡ್ರ ಹೋಗ್ತದ. ಇದನ್ನ ಬರದವ್ರು ಒಂದರ ಮನಿ ಬಾಡಿಗಿ ಕೇಳ್ಯಾರೇನು? ಕೊಡು ಮಗಳ್ನ.”

ಬೀರಣ್ಣ ಕೊಟ್ಟ. ಅವನ ಮಗಳು ಅಲ್ಲಿ ಸುಖವಾಗಿದ್ದಾಳೆ. ಬಿಸಿಲನ್ನು ಬೈಯುತ್ತಾಳಂತೆ, ಅದು ಬೇರೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಕಡೆಯಿಂದ ನೌಕರಿ ಸಿಕ್ಕಿ ಹೊರಟ ಹುಡುಗ ಹುಡುಗಿಯರು, ಅದರಲ್ಲೂ ಅಂಬಾರಾಯರ ಕೇರಿಯವರು, ಸ್ಥಳ ಆರಿಸಿಕೊಳ್ಳುವ ಕೌನ್ಸೆಲಿಂಗಿಗೆ ಮೊದಲು ಅವರ ಬಳಿ ಬರುತ್ತಾರೆ. ಎಲ್ಲಿಗೆ ಹೋಗಬೇಕೆಂದು ಕೇಳುವವರು ಕಡಿಮೆ. ಎಲ್ಲಿಗೆ ಹೋಗಬಾರದೆಂದು ಕೇಳುತ್ತಾರೆ. ಇವರೂ ಬೆರಳು ಮಡಚುತ್ತ ಕೆಟ್ಟ ಊರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಆದರೆ ಯಾವಾಗಲೂ ಎರಡನೆಯ ನಂಬರಿನಿಂದ ಆರಂಭ. ಮೊದಲನೆಯ ಊರಿನ ಹೆಸರನ್ನು ಅವರು ಉಚ್ಚರಿಸುವುದಿಲ್ಲ. “ಒಂದನೇದ್ದು ಬಿಡ್ರಿ” ಎಂದು ಕಿಟಕಿಯ ಕಡೆ ನೋಡುತ್ತಾರೆ. ಆ ಹೆಸರನ್ನು ನಾನೂ ಇಲ್ಲಿ ಬರೆಯಲಾರೆ. ಅಲ್ಲಿ ನನ್ನ ಬೇಳೆಗೆ ಒಳ್ಳೆಯ ಗಿರಾಕಿಗಳಿದ್ದಾರೆ.

ಕಾರಣವನ್ನು ನನಗೆ ಹೇಳಿದವರು ಅವರ ಹೆಂಡತಿ ಮಹಾನಂದಾ. ಮದುವೆಯಾದ ಹೊಸತಿನಲ್ಲಿ ಆ ಊರಿಗೆ ವರ್ಗವಾಗಿ, ಮನೆ ಹಿಡಿದು, ಸಾಮಾನು ಇಳಿಸಿ, ಹಾಲು ಉಕ್ಕಿಸಿದ್ದಾಯಿತು. ಆಗ ಮನೆಯೊಡತಿ ಬಂದು ಆ ಪ್ರಶ್ನೆ ಕೇಳಿದಳು. ಇವರಿನ್ನೂ ಎಳೆಯರು, ಕೋಟಿಲ್ಲದ ಕಾಲ, ಸಹಜವಾಗಿ ಉತ್ತರಿಸಿಬಿಟ್ಟರು.

“ಹಾಲು ಉಕ್ಕಿತ್ತು ನೋಡ್ರಿ, ಕುಡಿಯಾಕ ಬಿಡ್ಲಿಲ್ಲ” ಎಂದರು ಮಹಾನಂದಾ, ಮತ್ತಾರದೋ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ. “ನಾ ಟ್ರಂಕಿನ ಮ್ಯಾಲೆ ಕುಂತಿದ್ದೆ, ಇವ್ರು ಗಾಡಿ ಹುಡುಕ್ಕೊಂಡ ಹೋಗಿದ್ರು. ಓಣಿ ಮಂದಿಯೆಲ್ಲಾ ಕಿಡಕಿ ತಗದು ನೋಡಾಕತ್ತಿದ್ರು. ಆವತ್ತಿಲಿಂದ ಹಿಡೀತು ನೋಡ್ರಿ ಇವ್ರಿಗೆ ಈ ಮನಿ ಕೇಳೋ ಖಯಾಲಿ.”

ಕಳೆದ ಬೇಸಿಗೆಯಲ್ಲಿ ಅಂಬಾರಾಯರ ತಮ್ಮನ ಮಗಳು ಸುಮಂಗಲಾಳಿಗೆ ಸರ್ಕಾರಿ ನರ್ಸ್ ಹುದ್ದೆ ಸಿಕ್ಕಿತು. ತಮ್ಮ ದೇವಾನಂದ ತೀರಿಕೊಂಡ ಮೇಲೆ ಅವಳನ್ನು ಓದಿಸಿದವರು, ಗದರಿದವರು, ಮುದ್ದಿಸಿದವರು ಎಲ್ಲ ಇವರೇ. ತಂದೆಯ ಅಣ್ಣನಾದರೂ ಆಕೆ ಅವರನ್ನು ಕರೆಯುವುದು ಚಿಕ್ಕಪ್ಪನನ್ನು ಕರೆಯುವಂತೆ ಕಾಕಾ ಎಂದೇ. ಕೌನ್ಸೆಲಿಂಗ್ ಹತ್ತಿರ ಬಂತು. ಹಸುಗೂಸುಗಳ ದೊಡ್ಡ ವಾರ್ಡು ಇರುವ ಆಸ್ಪತ್ರೆ ಅವಳಿಗೆ ಬೇಕಿತ್ತು. ಕಲಿತದ್ದು ಆ ಕೆಲಸವನ್ನೇ. ಉಳಿದ ಜಾಗಗಳ ಪೈಕಿ ಅಂಥ ಆಸ್ಪತ್ರೆಯಿದ್ದದ್ದು ಒಂದೇ ಊರಿನಲ್ಲಿ. ಅಂಬಾರಾಯರು ಹೆಸರೆತ್ತದ ಊರಿನಲ್ಲಿ.

ಅವರು ಒಲ್ಲೆನೆಂದರು. ಅವಳು ಬಸ್ಸು ಹತ್ತಿ ಆಳಂದದಿಂದ ನೇರವಾಗಿ ನನ್ನ ಅಂಗಡಿಗೆ ಬಂದಳು. ಮನೆಯಲ್ಲಿ ಜಗಳವಾಡಿದರೆ ದೊಡ್ಡಮ್ಮ ಅಳುತ್ತಾಳೆ, ಅಂಗಡಿಯಲ್ಲಾದರೆ ಕಾಕಾ ಮಾನಕ್ಕೆ ಅಂಜುತ್ತಾನೆ ಎಂಬುದು ಅವಳ ಲೆಕ್ಕ. ವ್ಯಾಪಾರಕ್ಕೆ ಬರಬೇಕಾಗಿದ್ದ ಹುಡುಗಿ.

“ಕಾಕಾ, ಆ ಊರಾಗ ನೀ ಎಷ್ಟ ಮನಿ ಕೇಳೀದಿ?”

ಪತ್ರಿಕೆಯ ಹಿಂದಿನಿಂದ ಉತ್ತರ ಬಂತು: “ಒಂದ.”

“ಮತ್ತ ಹೋಗೇ ಇಲ್ಲ?”

“ಯಾಕ ಹೋಗ್ಲಿ?”

“ಹವಳಗಾದಾಗ ಒಂದ ಹೊಲದಾಗ ಒಂದ ತುಂಡು ಕೊಯ್ದು ಇಡೀ ತಾಲ್ಲೂಕಿನ ಬೆಳಿ ಬರದಿದ್ರ, ನಿನ್ನ ಸಾಹೇಬ ನಿನ್ನ ನೌಕರ್ಯಾಗ ಇಡ್ತಿದ್ದನೇನು?”

“ಅದು ಬೆಳಿ ಬೇ. ಇವ್ರು ಮಂದಿ.”

“ಹೌದಲ್ಲ. ಬೆಳಿ ವರ್ಷಾ ಬದಲಾಗ್ತದ, ಮಂದಿ ಜರಾರ ಬದಲಾಗಿರಬಾರ್ದೇನು? ಆಗಿಲ್ಲಂದ್ರ ಆಗಿಲ್ಲ. ನೋಡಿ ಹೇಳು. ನೋಡ್ಲಾರದ ಹೇಳಬ್ಯಾಡ.”

ಪತ್ರಿಕೆ ಕೆಳಗಿಳಿಯಿತು. ಅಂಬಾರಾಯರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ನಾನು ಅಂಗೈಯಲ್ಲಿದ್ದ ತೊಗರಿಯನ್ನು ಅನಗತ್ಯ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದೆ. ಅವರ ಇಡೀ ವಿದ್ಯೆಯಲ್ಲಿ, ಅತ್ಯಂತ ಖಚಿತವಾದ ನಂಬರೇ ಅತ್ಯಂತ ಕಚ್ಚಾ ಆಗಿತ್ತು. ಇಲಾಖೆಯ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

“ಸಾವ್ಕಾರ್ರ, ಆ ಕಡೆ ನಿಮ್ಮ ವಸೂಲಿ ಏನರ ಅದ ಏನು?” ಎಂದು ಕಡೆಗೆ ಕೇಳಿದರು. ಒಂಟಿಯಾಗಿ ಹೋಗಲು ಧೈರ್ಯವಿಲ್ಲವೆಂದು ಅದರ ಅರ್ಥ. ವಸೂಲಿ ಎಲ್ಲ ಕಡೆಯೂ ಇರುತ್ತದೆಂದು ನಾನೂ ಹೊರಟೆ, ಸುಮಂಗಲಾಳೂ ಜೊತೆಗೆ ಬಂದಳು.

ಬಸ್ಸಿಳಿಯುವ ಮೊದಲೇ ಅವರು ಕೋಟಿನ ಗುಂಡಿಗಳನ್ನು ಹಾಕಿಕೊಂಡಿದ್ದರು. ಮೊದಲ ಗೇಟಿನ ಹಿಂದೆ ಬಂದು ನಿಂತ ಹಿರಿಯರು ಸ್ನಾನ ಮುಗಿಸಿ ಪ್ರಸನ್ನರಾಗಿದ್ದರು. ಅಂಬಾರಾಯರು ಗಂಟಲು ಸರಿಮಾಡಿಕೊಂಡು ಎಂದಿನ ವಿನಯದಿಂದ ಬಾಯಿ ತೆರೆಯುವಷ್ಟರಲ್ಲಿ ಸುಮಂಗಲಾ ಮುಂದೆ ಬಂದಳು.

“ನಮಸ್ಕಾರ್ರಿ. ನಾ ಇಲ್ಲಿ ದವಾಖಾನಿಗೆ ನರ್ಸಂತ ಬರಾಕತ್ತೇನಿ. ನಾವು ಬೌದ್ಧರ್ರಿ, ಮೊದಲ ಊರ ಹೊರಗಿನ ಕೇರಿಯವ್ರು. ಮನಿ ಕೊಡ್ತೀರೇನ್ರಿ? ಕೊಡಂಗಿಲ್ಲಂದ್ರ ಮುಂದಿನ ಮನಿ ನೋಡ್ತೇನಿ.”

ಹಿರಿಯರ ಪ್ರಸನ್ನತೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ನಿಂತಿತು. “ಅಯ್ಯ, ನಿನ್ನೇನೇ ಒಬ್ರಿಗೆ ಮಾತು ಕೊಟ್ಟಬಿಟ್ಟೀವಲ್ಲವಾ” ಎಂದರು.

“ಹಂಗಾರ ಹಲಗಿ ತಗೀರಿ ಅಜ್ಜಾರ. ಬಿಸಲಾಗ ಮಂದಿ ಸುಮ್ನ ಅಡ್ಡಾಡ್ತಾರ.”

ಮುಂದಿನ ಮನೆಯವಳು ಗಂಡನನ್ನು ಕೇಳಬೇಕೆಂದಳು. ಗಂಡ ಒಳಗೇ ಕೆಮ್ಮುತ್ತಿದ್ದ. ಅದರಾಚೆಯ ಮನೆಯಲ್ಲಿ ಕದವೇ ಉತ್ತರವಾಯಿತು. ಸುಮಂಗಲಾ ಪ್ರತಿ ಬಾಗಿಲಿನಲ್ಲಿಯೂ ಅದೇ ಮಾತನ್ನು ಅದೇ ಧ್ವನಿಯಲ್ಲಿ, ಔಷಧದ ಹೊತ್ತು ತಿಳಿಸುವವಳಂತೆ ಹೇಳುತ್ತ ಹೋದಳು. ಅಂಬಾರಾಯರು ಒಂದು ಚರಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

“ಏನ್ರಿ ಸಾಹೇಬ್ರ, ಎಷ್ಟನೇ ನಂಬರು?” ಎಂದು ಛೇಡಿಸಿದೆ.

“ಹ್ಯಾಂಗ ಕೊಡ್ಲಿ ಸಾವ್ಕಾರ್ರ? ಪ್ರಶ್ನಿನೇ ಬರವಲ್ದು” ಎಂದರು. ನಿಜವಾಗಿ ಕಂಗಾಲಾಗಿದ್ದರು. ಆಯುಷ್ಯವೆಲ್ಲ ಅವರು ಆ ಪ್ರಶ್ನೆಯ ದಾರಿ ಕಾದಿದ್ದರು; ಇವಳು ಅದು ಹುಟ್ಟುವ ಮೊದಲೇ ಉತ್ತರವನ್ನು ಅವರವರ ಹೊಸ್ತಿಲ ಮೇಲಿಟ್ಟು, ಈಗ ನಾಚಿಕೊಳ್ಳುವ ಸರದಿ ನಿಮ್ಮದೆಂದು ನಿಲ್ಲುತ್ತಿದ್ದಳು.

ಓಣಿಯ ಕೊನೆಯ ಮಹಡಿಮನೆಯೊಡತಿ ಕಸ್ತೂರಿಬಾಯಿ ಮಾತು ಕೇಳಿ ಸೊಂಟದ ಕೀಲಿಗೊಂಚಲನ್ನು ಬಿಚ್ಚಿ ಕೈಗೆ ತೆಗೆದುಕೊಂಡಳು. ಆಮೇಲೆ, “ನಮ್ಮ ಅತ್ತಿ ಇದ್ರ ಕೊಡ್ತಿದ್ದಿಲ್ಲ. ಈಗ ಕೀಲಿ ನನ್ನ ಕೈಯಾಗ ಅದ. ನನ್ನ ಮಗಾ ಏನಂತಾನೋ ಗೊತ್ತಿಲ್ಲ, ಏನರ ಅಂದ್ರ ನಾ ನೋಡ್ಕೋತೀನಿ” ಎಂದಳು. ಹಿಂದೆಯೇ, “ನೀರು ಒಂದಿನ ಬಿಟ್ಟು ಬರ್ತದ. ಮೋಟರ್ ನೀನೇ ಹಾಕ್ಬೇಕು, ನನ್ನ ಮೊಣಕಾಲು ಕೆಟ್ಟಾವ. ಇಂಜೆಕ್ಷನ್ ಮಾಡ್ತಿಯಲ್ಲ?”

“ಮಾಡ್ತೇನ್ರಿ ಬಾಯಾರ.”

“ಹಂಗಾರ ಮ್ಯಾಲೆ ಹೋಗಿ ನೋಡು.”

ಅಂಬಾರಾಯರು ಮೇಲೆ ಹೋಗಲಿಲ್ಲ, ನಲ್ಲಿ ತಿರುವಲಿಲ್ಲ. ಆದರೆ ಮರಳಿ ಬಸ್‌ ನಿಲ್ದಾಣಕ್ಕೆ ನಡೆಯುವಾಗ ಅವರ ಬಾಯಿಗೆ ಬಿಡುವಿರಲಿಲ್ಲ. ಜೋಳ ಬೀಸುವ ಒಳ್ಳೆಯ ಗಿರಣಿ ಆ ಮೂಲೆಯಲ್ಲಿತ್ತು, ಇನ್ನೂ ಇದೆಯೋ ಇಲ್ಲವೋ. ಕೆರೆಯ ದಂಡೆಯ ಮೇಲೆ ಸಂಜೆಯ ಗಾಳಿ ಚಂದ. ಗ್ರಂಥಾಲಯದ ಕಿಟಕಿಯ ಪಕ್ಕದ ಬಾಕಿನಲ್ಲಿ ಕೂತರೆ ಬೇಸಿಗೆಯಲ್ಲಿಯೂ ತಂಪು. “ರಾತ್ರಿ ಪಾಳಿ ಇದ್ರ ಈ ಓಣ್ಯಾಗ ಬರಬ್ಯಾಡವಾ, ಆ ಕಡೆ ರಸ್ತಾದಾಗ ಬಾ, ದೀಪ ಅವ.” ಇಂಥ ಊರಿನ ಇಂಥ ಸಂಗತಿಗಳನ್ನು ಈ ಮನುಷ್ಯ ಯಾವಾಗ ನೋಡಿ ಇಟ್ಟುಕೊಂಡಿದ್ದ? ಅಲ್ಲಿ ಅವರು ಇದ್ದದ್ದೇ ಇನ್ನೊಂದು ವರ್ಗದ ಆದೇಶ ಬರುವಷ್ಟು ಕಾಲ, ಅದೂ ಮಹಾನಂದಾಳನ್ನು ತವರಿಗೆ ಕಳಿಸಿ, ಕಚೇರಿಯ ಗೋದಾಮಿನಲ್ಲಿ ಮಲಗಿ.

“ತಗೋಳ್ಳೇನ ಕಾಕಾ ಈ ಊರು?” ಎಂದಳು ಸುಮಂಗಲಾ ಬಸ್ಸಿನಲ್ಲಿ.

“ಮನಿ ಹಿಡದ ಮ್ಯಾಲೆ ಕೇಳ್ತೀಯಲ್ಲ ಬೇ, ನಾಚಿಕಿ ಇಲ್ಲದಾಕಿ” ಎಂದು ಗದರಿ, ಮುಖ ಆಚೆ ತಿರುಗಿಸಿ, ಕೋಟು ಕಳಚಿ ಅವಳ ಮಡಿಲಿಗೆ ಹಾಕಿದರು. ಅವಳು ಆ ಊರನ್ನೇ ಆರಿಸಿಕೊಂಡಳು. ಕಸ್ತೂರಿಬಾಯಿಯ ಮಗ ಒಂದಿಷ್ಟು ಹಾರಾಡಿದನಂತೆ. ತಾಯಿಯ ಮೊಣಕಾಲು ಸುಧಾರಿಸಿದ ಮೇಲೆ ಸುಮ್ಮನಾದನಂತೆ. ಪೂರ್ತಿ ಸುಮ್ಮನಾಗಿಲ್ಲ ಎಂದೂ ಸುಮಂಗಲಾ ಹೇಳುತ್ತಾಳೆ.

ವ್ಯಾಪಾರದಲ್ಲಿ ನಾನು ನಿತ್ಯ ಕಾಣುವುದೊಂದಿದೆ. ಬೇಡವಾದ ಮಾಲನ್ನು ಯಾರೂ ಹಳಿಯುವುದಿಲ್ಲ. ಮುಟ್ಟಿಯೂ ನೋಡದೆ ಮುಂದಿನ ಅಂಗಡಿಗೆ ನಡೆಯುತ್ತಾರೆ. ಕಾಳು ಜೊಳ್ಳು, ಬಣ್ಣ ಮಾಸಿದೆ, ಹುಳ ಹತ್ತಿದೆ ಎಂದು ಗಾದಿಯ ಮುಂದೆ ಕೂತು ಬಾಯ್ತುಂಬ ಬೈಯುವವನು ಕೊಳ್ಳಲೆಂದೇ ಮನೆಯಿಂದ ಹೊರಟವನು. ನಗರಗಳಿಗೆ ಅಂಕ ಕೊಡುವ ಪಂಡಿತರು ಗಾಳಿ ಅಳೆಯುತ್ತಾರೆ, ಗಟಾರ ಅಳೆಯುತ್ತಾರೆ, ಕೈತೊಳೆದುಕೊಂಡು ಹೋಗುತ್ತಾರೆ. ಅವರಿಗೆ ಊರುಗಳ ಮೇಲೆ ಸಿಟ್ಟಿಲ್ಲ, ಯಾಕೆಂದರೆ ಆಸೆಯಿರಲಿಲ್ಲ. ಅಂಬಾರಾಯರಂಥವರ ಸಿಟ್ಟು ಬೇರೆ ತಳಿಯದು. ಗೇಟಿನಿಂದ ಗೇಟಿಗೆ ಹೋಗಿ ಒಂದೊಂದೇ ಊರನ್ನು ಬಾಳಲು ಯೋಗ್ಯವಲ್ಲದ್ದೆಂದು ತೀರ್ಮಾನಿಸುವ ಈ ಮಂದಿ, ಆ ಒಂದೊಂದು ಊರಿನಲ್ಲಿಯೂ ಬಾಳಬೇಕೆಂದು ಬಯಸಿಯೇ ಕದ ತಟ್ಟಿದವರು.