ಬಸವೇಶ್ ಎಫೆಕ್ಟ್ ಮತ್ತು ಹನ್ನೊಂದು ಎಮ್ಮೆಗಳು

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಮೂರು ದಿನ ಸುಮ್ಮನೆ ಕೂತಿದ್ದೆ. ಮೊದಲ ಡ್ರಾಫ್ಟಿನಲ್ಲಿ ಕಪಿಲಾ ನದಿಯ ಮೇಲೆ ಸೂರ್ಯ ಹುಟ್ಟುತ್ತಿದ್ದ. ಕಥಾನಾಯಕಿ ಕವನ ಅದನ್ನು ಓದಿ, "ಸಾರ್, ನಾನು ಏಳೋದೇ ಏಳೂವರೆಗೆ. ಸೂರ್ಯನ್ನ ತೆಗೀರಿ," ಅಂದಳು. ತೆಗೆದೆ. ಎರಡನೆಯದರಲ್ಲಿ ಲ್ಯಾಬಿನ ಹೇಮಂತ್ ಅವಳನ್ನು ಓರೆಗಣ್ಣಿನಿಂದ ನೋಡುತ್ತಿದ್ದ. "ಅವನು ಮೀಟರ್ ರೀಡಿಂಗನ್ನೇ ನೆಟ್ಟಗೆ ನೋಡಲ್ಲ," ಅಂದಳು. ಅವನನ್ನೂ ತೆಗೆದೆ. (ಕ್ಷಮಿಸು ಹೇಮಂತ್. ನಿನಗೆ ಹೊಸ ಶರಟು ಬೇರೆ ತೊಡಿಸಿದ್ದೆ.)

ಕೊನೆಗೆ ಉಳಿದದ್ದು ಒಂದು ಅಬ್‌ಸ್ಟ್ರಾಕ್ಟ್, ಅಂದರೆ ಸಂಶೋಧನಾ ಪೇಪರಿನ ಸಾರಾಂಶ. ಅಲ್ಲಿಂದಲೇ ಹೊರಡೋಣ.

೧

ಕವನ ಬದನವಾಳಿನವಳು. ನಂಜನಗೂಡಿನ ಹತ್ತಿರ ಒಂದು ಎಂಜಿನಿಯರಿಂಗ್ ಕಾಲೇಜಿನ (ಹುಡುಕಿಕೊಂಡು ಹೋಗಬೇಡಿ, ಕಾಗದದ ಮೇಲೆ ನಾನೇ ಕಟ್ಟಿಸಿದ್ದು) ಸಿವಿಲ್ ವಿಭಾಗದಲ್ಲಿ ಗೆಸ್ಟ್ ಲೆಕ್ಚರರ್. ನಾಲ್ಕು ವರ್ಷದಿಂದ ಗೆಸ್ಟ್. ನಮ್ಮ ಕಡೆ ನೆಂಟರು ನಾಲ್ಕು ದಿನ ಉಳಿದರೇ ಸಾರು ತೆಳುವಾಗುತ್ತದೆ. ನಾಲ್ಕು ವರ್ಷವೆಂದರೆ ನೀವೇ ಊಹಿಸಿ. ಒಂದು ದಿನ ವಿಭಾಗದ ಮುಖ್ಯಸ್ಥ ಬಸವೇಶ್ ಅವಳನ್ನು ಕರೆದರು.

"ನೋಡಮ್ಮಾ, ಈ ಸಲ ಕಾನ್ಫರೆನ್ಸ್‌ಗೆ ನಮ್ಮಿಂದ ಒಂದು ಪೇಪರ್ ಹೋಗ್ಲೇಬೇಕು. ಹೋದ್ರೆ ಮುಂದಿನ ವರ್ಷ ಕಂಟಿನ್ಯೂ. ಇಲ್ಲಾಂದ್ರೆ ನನ್ ಕೈಲೇನೂ ಇಲ್ಲ."

ಕವನ ಹುಲ್ಲಹಳ್ಳಿಯಾಚೆ ಒಂದು ಕಿರುನಾಲೆಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಕಟ್ಟಿದಳು. ಬೆಳಿಗ್ಗೆ ಕ್ಲಾಸಿಗೆ ಮುಂಚೆ ಹೋಗಿ ಡೇಟಾ ಇಳಿಸಿಕೊಂಡು ಬರುತ್ತಿದ್ದಳು. ನಲವತ್ತು ದಿನವೂ ಒಂದೇ ವಿಚಿತ್ರ: ಮಧ್ಯಾಹ್ನ ಎರಡಕ್ಕೆ ನೀರು ನಾಲ್ಕು ಬೆರಳು ಏರುತ್ತದೆ, ನಾಲ್ಕು ಗಂಟೆಗೆ ಇಳಿಯುತ್ತದೆ. ಬಿಸಿಲಿನ ಗ್ರಾಫು, ನೀರಿನ ಗ್ರಾಫು ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೆ ನಡೆದವು. ಬಿಸಿಲಿಗೆ ನಾಲೆಯ ಕಾಂಕ್ರೀಟು ಹಿಗ್ಗಿ, ಜಾಗ ಕಿರಿದಾಗಿ, ನೀರು ಮೇಲೇಳುತ್ತದೆಂದು ಇನ್ನೂರೈವತ್ತು ಪದಗಳಲ್ಲಿ ಬರೆದು ಕಳಿಸಿದಳು. ಒಪ್ಪಿಗೆಯಾಯಿತು. ಕಾನ್ಫರೆನ್ಸ್ ತಿ. ನರಸೀಪುರದಲ್ಲಿ. ಅದು ಇಂಟರ್‌ನ್ಯಾಷನಲ್, ಏಕೆಂದರೆ ನೇಪಾಳದಿಂದ ಒಬ್ಬರು ಆನ್‌ಲೈನ್ ಬರುವವರಿದ್ದರು.

ಬಸವೇಶ್ ತಮ್ಮ ಹೆಸರನ್ನು ಮೊದಲು ಹಾಕಿಸಿದರು. ಆಮೇಲೆ ಸ್ವಲ್ಪ ನಾಚಿಕೊಂಡು, "ಇದಕ್ಕೆ 'ಬಸವೇಶ್ ಎಫೆಕ್ಟ್' ಅಂತ ಕರೆದ್ರೆ ಹೇಗೆ? ನನಗೋಸ್ಕರ ಅಲ್ಲ, ಕಾಲೇಜಿಗೋಸ್ಕರ," ಅಂದರು. (ಕೆಟ್ಟವರಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರ ಹೆಸರು ಬಾಗಿಲ ಮೇಲಿನ ಬೋರ್ಡು ಬಿಟ್ಟು ಬೇರೆಲ್ಲೂ ಅಂಟಿರಲಿಲ್ಲ.)

೨

ಪೂರ್ತಿ ಪೇಪರಿಗೆ ಫೋಟೊ ಬೇಕಿತ್ತು. ಕವನ ಮೊದಲ ಬಾರಿಗೆ ಮಧ್ಯಾಹ್ನ ನಾಲೆಗೆ ಹೋದಳು. ಅಲ್ಲಿ ನೀರುಗಂಟಿ ಮರಿತಾಯಮ್ಮ ಎರಡನೇ ತೂಬಿನ ಕಟ್ಟೆಯ ಮೇಲೆ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವರು ಅವರೇ.

ಇಲ್ಲಿ ನಾನು ಅವರಿಂದ ನೀರು, ಕಾಲ, ಬದುಕು ಎಂದೆಲ್ಲ ಎರಡು ಪುಟ ಆಡಿಸಿದ್ದೆ. "ಏನ್ ಸಾ ಇದು? ನಾನ್ ಯಾವತ್ತು ಇಂಗೆಲ್ಲ ಮಾತಾಡಿದ್ದೆ? ತೂಬು ಎತ್ತೋಳ್ ಬಾಯ್ಗೆ ಅರಿಕತೆ ತುರುಕ್ತೀರಲ್ಲ," ಎಂದು ರೇಗಿದರು. ಅಳಿಸಿದೆ. ಅವರು ಆಡಿದ್ದು ಇಷ್ಟೇ:

"ಏನವ್ವ, ಯಾತುರ್ ಫೋಟೊ ಇಡೀತಿದ್ದೀಯೆ?"

"ನೀರು ಏರೋದನ್ನ, ಅಮ್ಮ. ಬಿಸಿಲಿಗೆ ಏರುತ್ತಲ್ಲ."

"ಬಿಸ್ಲಿಗಾ?" ಮರಿತಾಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. "ಆ ತಿರುವ್ನಾಗ್ ನೋಡು."

ಸೆನ್ಸರಿನಿಂದ ಇಪ್ಪತ್ತು ಮಾರು ಕೆಳಗೆ, ಹಾಲು ಮಾರುವ ಪುಟ್ಟರಾಜುವಿನ ಹನ್ನೊಂದು ಎಮ್ಮೆಗಳು ನಾಲೆಗೆ ಅಡ್ಡಲಾಗಿ ಮಲಗಿ ಕಣ್ಣು ಮುಚ್ಚಿಕೊಂಡು ಮೆಲುಕು ಹಾಕುತ್ತಿದ್ದವು.

"ಎಲ್ಡ್ ಗಂಟ್ಗೆ ಬಿದ್ಕತವೆ, ನಾಕ್ ಗಂಟ್ಗೆ ಏಳ್ತವೆ. ಅಷ್ಟಗ್ಲ ಅಡ್ಡ ಬಿದ್ಮೇಲೆ ನೀರು ಎಲ್ಗೋದಾತು? ಏರ್ತದೆ."

"ದಿನಾಲೂನಾ?"

"ಅವ್ಕೇನ್ ಭಾನ್ವಾರ ರಜಾನಾ?"

ಕವನಳಿಗೆ ಮೊದಲು ಬಂದದ್ದು ನಗು. ನಗುತ್ತ ನಗುತ್ತ ಏರಿಯ ಮೇಲೆ ಕುಸಿದು ಕೂತಳು. ಪೇಪರ್ ಕಳಿಸಲು ಇನ್ನು ಐದೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ. ನಗು ಯಾವಾಗ ಅಳುವಾಯಿತೋ ಅವಳಿಗೇ ಗೊತ್ತಾಗಲಿಲ್ಲ. ಮರಿತಾಯಮ್ಮ ತಮ್ಮ ಬುತ್ತಿಯಿಂದ ಅರ್ಧ ಮುದ್ದೆ ಮುರಿದು ಕೊಟ್ಟರು.

೩

ಮಾರನೆಯ ದಿನ ಕವನ ಪುಟ್ಟರಾಜುವಿನ ಕೊಟ್ಟಿಗೆಗೆ ಹೋಗಿ, ಮೂರು ದಿನ ಎಮ್ಮೆಗಳನ್ನು ನಾಲೆಗೆ ಬಿಡಬೇಡಿ ಎಂದು ಕೇಳಿದಳು.

"ಸೆಕೆಗೆ ಆಲು ಕಮ್ಮಿಯಾದ್ರೆ ನೀವ್ ಕೊಡ್ತೀರಾ ಮೇಡಮ್ಮು?"

"ಪೇಪರಲ್ಲಿ ನಿಮ್ಮ ಹೆಸರು ಹಾಕ್ತೀನಿ ಅಣ್ಣ."

ಪುಟ್ಟರಾಜು ತುಸು ಯೋಚಿಸಿ, "ಎಮ್ಮೆಗಳ್ದೂ ಆಕಿ," ಅಂದ.

ಮೂರು ದಿನ ಮಧ್ಯಾಹ್ನದ ಗ್ರಾಫು ಚಾಪೆ ಹಾಸಿದಂತೆ ಮಲಗಿತು. ಅದನ್ನು ಹಿಡಿದುಕೊಂಡು ಅವಳು ಬಸವೇಶ್ ಮುಂದೆ ನಿಂತಳು.

"ಇದು ಯಾರ್ಯಾರಿಗೆ ಗೊತ್ತು?"

"ಎಮ್ಮೆಗಳಿಗೆ ಗೊತ್ತು ಸಾರ್."

"ಎಮ್ಮೆ ಏನ್ ಕಾನ್ಫರೆನ್ಸಿಗೆ ಬರ್ತವಾ?"

"ನಾನು ಹೋಗ್ತೀನಲ್ಲ ಸಾರ್."

ಬಸವೇಶ್ ಗ್ರಾಫನ್ನು ಮಡಿಸಿ ಅವಳ ಕೈಗೇ ಕೊಟ್ಟರು. "ನನ್ ಹೆಸರು ತೆಗೆದ್ಬಿಡಮ್ಮ," ಅಂದರು. ಮುಂದಿನ ವರ್ಷದ ಮಾತೇ ಎತ್ತಲಿಲ್ಲ. ಕವನ ಪುಟ್ಟರಾಜುವನ್ನೂ ಎಮ್ಮೆಗಳನ್ನೂ ಕೊನೆಯ ಕೃತಜ್ಞತೆಗಳಲ್ಲಿ ಹಾಕಿ, ಖಾಲಿಯಾದ ಜಾಗದಲ್ಲಿ ಮರಿತಾಯಮ್ಮನ ಹೆಸರು ಸೇರಿಸಿದಳು. ಫಾರಂ ಅವರ ಸಂಸ್ಥೆ ಯಾವುದೆಂದು ಕೇಳಿತು. 'ಎರಡನೇ ತೂಬು' ಎಂದು ತುಂಬಿ ಕಣ್ಣು ಮುಚ್ಚಿಕೊಂಡು ಬಟನ್ ಒತ್ತಿದಳು. ಅದನ್ನು ನಾನು ಕಂಡೆ, ಬರೆಯಬೇಡಿ ಎಂದಳು. ಬರೆದಿದ್ದೇನೆ.

೫

(ನಾಲ್ಕನೆಯದರಲ್ಲಿ ಕಾನ್ಫರೆನ್ಸಿಗೆ ಹೋದ ಬಸ್ ಪ್ರಯಾಣದ ವರ್ಣನೆ ಇತ್ತು. ಮರಿತಾಯಮ್ಮ ಬಸ್ಸಿನಲ್ಲಿ ನಿದ್ದೆ ಹೋದರಂತೆ, ಕವನ ಸ್ಲೈಡುಗಳಿಂದ ತಲೆ ಎತ್ತಲಿಲ್ಲವಂತೆ. ವರ್ಣಿಸಲು ಯಾರೂ ನೋಡಿಲ್ಲ.)

ಪರದೆಯ ಮೇಲೆ ಎಮ್ಮೆಗಳ ಫೋಟೊ ಬಂದಾಗ ಸಭೆ ಗೊಳ್ಳೆಂದಿತು. ಆದರೂ ಕವನ ತಾನು ಮೊದಲು ಬರೆದದ್ದೇನು, ಅದು ಹೇಗೆ ತಪ್ಪು, ತೋರಿಸಿಕೊಟ್ಟವರು ಯಾರು ಎಂದು ಹತ್ತೇ ನಿಮಿಷದಲ್ಲಿ ಹೇಳಿ ಮುಗಿಸಿದಳು. ನಗದೆ ಕೂತಿದ್ದವರು ಒಬ್ಬರೇ: ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರೊಫೆಸರ್. "ಹನ್ನೆರಡು ವರ್ಷದ ಹಿಂದೆ ನಾನೂ ಇಂಥದ್ದೇ ಏರಿಕೆ ಬಗ್ಗೆ ಒಂದು ಪೇಪರ್ ಬರೆದಿದ್ದೆ," ಎಂದು ಮೈಕಿನಲ್ಲೇ ಹೇಳಿ, ನೀರು ಕುಡಿದರು. ಮೂರನೇ ಸಾಲಿನಿಂದ ಬಸವೇಶ್ ಎದ್ದು ಕವನಳತ್ತ ಕೈ ಮಾಡಿ, "ಅವರು ನಮ್ಮ ಡಿಪಾರ್ಟ್‌ಮೆಂಟ್," ಎಂದರು.

ಮುಕ್ತಾಯ ಒಂದು: ಕವನಳ ಕೆಲಸ ಖಾಯಂ ಆಗುತ್ತದೆ. "ಯಾರ್ ನಂಬ್ತಾರೆ ಸಾರ್?" ಎಂದಳು ಕವನ.

ಮುಕ್ತಾಯ ಎರಡು: ಕೆಲಸ ಹೋಗುತ್ತದೆ. "ಬುಡ್ತು ಅನ್ನಿ ಸಾ!" ಎಂದರು ಮರಿತಾಯಮ್ಮ. ಬಿಡ್ತು ಅಂದೆ.

ಹಾಗಾಗಿ ಆದದ್ದನ್ನೇ ಹೇಳುತ್ತೇನೆ. ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಹಿಂದಿನ ಸಾಲಿನಲ್ಲಿ ಮರಿತಾಯಮ್ಮ ಕೈ ಎತ್ತಿದರು.

"ಎಲ್ಲಾ ಓದ್ದೋರು ಕುಂತಿದ್ದೀರ, ಅದ್ಕೆ ಕೇಳ್ತೀನಿ. ಕೋಳಿ ಕೂಗೋ ಒತ್ನಾಗೆ ನಮ್ ನಾಲೆ ನೀರು ಅರ್ಧ ಬೆಳ್ಳು ಇಳೀತದೆ. ಎಮ್ಮೆ ಇರಲ್ಲ, ಯಾರೂ ತೂಬು ಮುಟ್ಟಿರಲ್ಲ. ಅತ್ತೊಂಬತ್ ವರ್ಸದಿಂದ ನೋಡ್ತಾವ್ನಿ. ಯಾಕಿಳೀತದೆ?"

ಯಾರೂ ನಗಲಿಲ್ಲ. ಒಬ್ಬರು ಪೆನ್ನು ತೆಗೆದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ನೇಪಾಳದವರು ಪರದೆಯ ಮೇಲೆ ಮುಂದಕ್ಕೆ ಬಾಗಿದರು. ಕವನ ಬಸವೇಶ್ ಕಡೆ ನೋಡಿದಳು. ಬಸವೇಶ್ ಕವನಳ ಕಡೆ.

ಕೊನೆಗೆ ಮರಿತಾಯಮ್ಮ ಕಥೆಯಾಚೆಗೆ, ನನ್ನತ್ತ ತಿರುಗಿದರು.

"ಬರ್ಯೋರು ನೀವಲ್ವಾ? ನಿಮ್ಗೇನಾರ ಗೊತ್ತಾ ಸಾ?"

"ಇಲ್ಲ ಕಣಮ್ಮ."

"ಅಂಗಾರೆ ಸುಮ್ಕಿರಿ."

ಸುಮ್ಮನಿದ್ದೇನೆ.